ಹೊಗೆ ಬರುವ ಕ್ಯಾನು

ಮಾರ್ಚ್ 14, ಬೆಳಿಗ್ಗೆ 6.40. ಕರುಳು ತಿರುಚಿಕೊಂಡಿದ್ದ ಗಂಡುಕುದುರೆ ಹುಲ್ಲಿನ ಮೇಲೆ ನರಳುತ್ತಿತ್ತು.

“ಆಪರೇಷನ್ ಮಾಡಿದ್ರೆ ಉಳೀಬಹುದು,” ಎಂದರು ಡಾಕ್ಟರು.

“ಉಳಿದು ಏನ್ ಮಾಡ್ಬೇಕು? ಅದರ ವೀರ್ಯ ನಲವತ್ತು ಸ್ಟ್ರಾದಲ್ಲಿ ತುಂಬಿ ಫ್ರೀಜ್ ಮಾಡಿಟ್ಟಿದೀವಲ್ಲ. ಇಂಜೆಕ್ಷನ್ ಕೊಟ್ಟು ಕಳಿಸಿಬಿಡಿ,” ಎಂದ ಮಾಲೀಕ. ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಲಾಯದ ಆಳು ಇಮಾಮನತ್ತ ತಿರುಗಿದ. “ಅಳ್ಬೇಡ ಕಣೋ. ಇದರ ಮರೀನ ನಿನ್ ಕೈಗೇ ಕೊಡ್ತೀನಿ.”

7.05ಕ್ಕೆ ಕುದುರೆಯ ಉಸಿರು ನಿಂತಿತು.

ಡಾಕ್ಟರು ವೀರ್ಯ ಇಟ್ಟಿದ್ದ ಕ್ಯಾನಿನ ಬಳಿ ಹೋದರು. ಅದರೊಳಗೆ ಸ್ಟ್ರಾಗಳು ಸದಾ ದ್ರವ ಸಾರಜನಕದಲ್ಲಿ ಮುಳುಗಿರಬೇಕು; ಅದು ಆವಿಯಾಗಿ ಹೋದರೆ ವೀರ್ಯ ಸತ್ತಂತೆಯೇ.

“ಮುಚ್ಚಳ ಯಾಕೆ ಸಡಿಲ ಆಗಿದೆ?”

“ಬಂದೋರಿಗೆಲ್ಲ ಸಾಹೇಬ್ರು ತೆಗೆದು ಹೊಗೆ ತೋರಿಸ್ತಾರಲ್ಲ, ಸಾರ್,” ಎಂದ ಇಮಾಮ.

ಡಾಕ್ಟರು ಅಳತೆಪಟ್ಟಿಯನ್ನು ತಳ ಮುಟ್ಟುವಂತೆ ಇಳಿಸಿ ಹೊರತೆಗೆದರು. ಸಾರಜನಕ, ಸೊನ್ನೆ ಸೆಂಟಿಮೀಟರ್.