ನಾಲ್ವರು ಕಳ್ಳರು, ಒಬ್ಬ ಅಳಿಯ

ಟಿವಿಯಲ್ಲಿ ನಾಲ್ವರು ಕಳ್ಳರು ತಿಜೋರಿಯೊಂದನ್ನು ಮೂರನೇ ಮಹಡಿಯಿಂದ ಕೆಳಗಿಳಿಸುತ್ತಿದ್ದಾಗ ಒಳಕೋಣೆಯಿಂದ ಅತ್ತೆ ಕೂಗಿದರು. ಬಾಗಿಲ ಹಿಡಿ ತಿರುಗುತ್ತಿಲ್ಲವಂತೆ.

ಬೀಗ ರಿಪೇರಿ ಕಸುಬಿನ ಅಳಿಯನಿಗೆ ಒಳಗೊಳಗೇ ಖುಷಿ. ಆ ಹಳೇ ಕಪ್ಪು-ಬಿಳುಪು ಹಾಸ್ಯಚಿತ್ರವನ್ನು ಇಪ್ಪತ್ತು ಸಲವಾದರೂ ನೋಡಿದ್ದ. ನೋಡಿದಾಗಲೆಲ್ಲ ಕಳ್ಳರ ಕೆಲಸದಲ್ಲಿ ತಪ್ಪು ಹುಡುಕಿ ಹೆಂಡತಿಯ ತಲೆ ತಿಂದಿದ್ದ. ಈಗ ತನ್ನ ಸರದಿ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದ ಅತ್ತೆ, ಮೂರು ತಿಂಗಳಿಂದ ಆ ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದರು. ಊಟಕ್ಕೆ ಬಂದರೂ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು.

"ಎರಡೇ ನಿಮಿಷ ಅತ್ತೆ, ಸುಮ್ನೆ ಕೂತ್ಕೊಳ್ಳಿ," ಎಂದ.

ಸಲಕರಣೆಗಳೆಲ್ಲ ಅಂಗಡಿಯಲ್ಲಿದ್ದವು. ಸಲಕರಣೆ ಬೇಕಾಗುವುದು ಕೆಲಸ ಬಾರದವರಿಗೆ ಎಂಬುದು ಅವನ ನಂಬಿಕೆ. ಹೆಂಡತಿಯ ಹೇರ್‌ಪಿನ್ ಮುರಿಯಿತು. ಎರಡನೆಯದೂ ಮುರಿಯಿತು. ಚಮಚ ಸೊಟ್ಟಗಾಯಿತು. ಅರ್ಧ ಗಂಟೆಯ ಮೇಲೆ ಬೀಗ ಟಕ್ಕೆಂದಾಗ ಎದೆಯುಬ್ಬಿಸಿ ಬಾಗಿಲು ನೂಕಿದ. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ.

ಕಳ್ಳರು ಆಗಲೇ ಬೀದಿ ದಾಟಿದರೆಂದು ಹೆಂಡತಿ ಕೂತಲ್ಲಿಂದಲೇ ವರದಿ ಒಪ್ಪಿಸಿದಳು. ಅವನಿಗೆ ಮೈಯೆಲ್ಲ ಉರಿಯಿತು. ನಾಲ್ಕು ಹೆಜ್ಜೆ ಹಿಂದೆ ಸರಿದು, ಭುಜ ಮುಂದೆ ಮಾಡಿ ಓಡಿಬಂದ. ಅದೇ ಹೊತ್ತಿಗೆ ಒಳಗಿನಿಂದ ಅತ್ತೆಯ ದನಿ:

"ಅಯ್ಯೋ, ಮೇಲಿನ ಚಿಲಕಾನೂ ಹಾಕಿದೀನಿ ನೋಡಿ, ಮರೆತೇ ಹೋಗಿತ್ತು."

ಚಿಲಕ ಸರಿಯಿತು. ಮೂವತ್ತು ವರ್ಷಗಳ ಅನುಭವದ ಬೀಗ ರಿಪೇರಿಯವನು ತೆರೆದ ಬಾಗಿಲಲ್ಲಿ ನುಗ್ಗಿ, ಅತ್ತೆಯ ಪಕ್ಕದಿಂದಲೇ ಹಾದು, ಮಂಚದ ಮೇಲೆ ಬೋರಲು ಬಿದ್ದ. ಕೈಯಲ್ಲಿ ಚಮಚ ಹಾಗೇ ಇತ್ತು.

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಭುಜಗಳು ಕುಲುಕತೊಡಗಿದವು. ಮತ್ತೆ ಅಳು ಬಂತೇನೋ ಎಂದು ಹೆದರಿ ಅವನು ತಿರುಗಿ ನೋಡಿದರೆ, ಅವರು ನಗುತ್ತಿದ್ದರು. ಗೋಡೆ ಹಿಡಿದುಕೊಂಡು, ಉಸಿರು ಕಟ್ಟುವಷ್ಟು. ತನ್ನ ಕಸುಬಿನ ಮಾನ ಉಳಿಸುವ ಮಾತೊಂದನ್ನು ಹುಡುಕುತ್ತಿದ್ದವನಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಅತ್ತೆ ತಾವಾಗಿಯೇ ಬಂದು ಟಿವಿಯ ಮುಂದೆ ಕೂತರು. ಕಳ್ಳರು ಬೆವರೊರೆಸಿಕೊಂಡು ತಿಜೋರಿ ತೆರೆದರು. ನೋಡಿದರೆ ಅದು ಯಾರದೋ ಬೇಕರಿಯ ಹಳೇ ಒಲೆ.

"ಪಾಪ, ಎಷ್ಟು ಒದ್ದಾಡಿದಾರೆ," ಎಂದರು ಅತ್ತೆ, ಅಳಿಯನ ಕಡೆ ನೋಡುತ್ತ. "ಒಂದು ಲೋಟ ಕಾಫಿ ಕೊಡೋರಿಲ್ಲ."

ಎದ್ದು ಅಡುಗೆಮನೆಗೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಗಳಿಗೆ ಕೂಗು ಕೇಳಿಸಿತು:

"ಸಕ್ಕರೆ ಡಬ್ಬಿ ಎಲ್ಲಿಟ್ಟಿದೀಯೇ?"