ಗುಡ್ಡದಂಥ ಗ್ರಾಫು

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹೆಬ್ಸೂರ ಸರ್‌ಗೆ ಈ ಕಾಲೇಜೆಂದರೆ ಮೊದಲೇ ತಾತ್ಸಾರ. ಆದರೂ ಹುಡುಗರು ಮೆಚ್ಚಿಸಿಬಿಟ್ಟರು. ಪವರ್ ಸಪ್ಲೈ ಪೆಟ್ಟಿಗೆಯೊಳಗಿನ ರೆಸಿಸ್ಟೆನ್ಸ್ ಎಷ್ಟೋ ಹೊರಗೆ ಜೋಡಿಸಿದ ಲೋಡಿನದೂ ಅಷ್ಟೇ ಆದಾಗ ಲೋಡಿಗೆ ಅತಿ ಹೆಚ್ಚು ಪವರ್ ಸಿಗಬೇಕು. ಎಲ್ಲರ ಗ್ರಾಫೂ ಸರಿಯಾಗಿ ಅಲ್ಲೇ ಗುಡ್ಡದಂತೆ ಏರಿ ಇಳಿದಿತ್ತು. ಎಲ್ಲರಿಗೂ ಪೂರ್ತಿ ಅಂಕ.

ಕೊನೆಯ ಮೇಜಿನ ಹುಡುಗಿಯ ಹಾಳೆಯಲ್ಲಿ ಮಾತ್ರ ಬರೀ ಸೊನ್ನೆಗಳು.

"ಏನವ್ವಾ ಇದು?"

"ಮೀಟರ್ ಮುಳ್ಳು ಏಳಲೇ ಇಲ್ರಿ ಸರ್. ಕಂಡದ್ದನ್ನ ಬರದೀನ್ರಿ."

"ಎಲ್ಲಾರಿಗೂ ಎದ್ದ ಮುಳ್ಳು ನಿನ್ನ ಮ್ಯಾಲಷ್ಟ ಮುನಿಸ್ಕೊಂಡೈತೇನು? ಮಗ್ಗಲದವ್ರದನ್ನರ ನೋಡಿ ಬರಿಯೋವಷ್ಟು ಬುದ್ಧಿ ಇಲ್ಲೇನು? ಹೋಗು, ಕತ್ತೆ ಕಾಯಿ!"

ಹುಡುಗಿ ಕಣ್ಣೊರೆಸಿಕೊಂಡು ಹೊರಗೆ ಹೋದಳು. ಹೆಬ್ಸೂರ ಸರ್ ಮೂಗು ಮುರಿದು, ಅವಳ ಹೆಸರಿನ ಮುಂದೆಯೂ ಒಂದು ಸೊನ್ನೆ ಸುತ್ತಿ, ಚಹಾದ ಕಪ್ಪಿಗೆ ಕೈ ಹಾಕಿದರು.

ಅಷ್ಟರಲ್ಲಿ ಲ್ಯಾಬ್ ಅಟೆಂಡರ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ.

"ತಪ್ಪಾತ್ರಿ ಸರ್, ಮುಂಜಾನೆ ಮರತೇ ಬಿಟ್ಟಿದ್ದೆ. ಮೇಜುಗಳಿಗೆ ಕರೆಂಟ್ ಕೊಡೋ ಮೇನ್ ಸ್ವಿಚ್ ಈಗಷ್ಟೇ ಹಾಕಿ ಬಂದೆ. ಇನ್ನ ಪರೀಕ್ಷೆ ಶುರು ಮಾಡಸ್ರಿ."