ಕಡಲೆಕಾಯಿಯ ಹನ್ನೊಂದು ಜನ

ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ಹಬೆ ಮುಖಕ್ಕೆ ಬಡಿದರೆ ಈಗಲೂ ನನಗೆ ಅಮೆರಿಕದ ಟ್ರಾಯ್‌ನ ನಮ್ಮ ಊಟದ ಮೇಜು ನೆನಪಾಗುತ್ತದೆ.

ಒಂದು ಸಂಜೆ ಎಲ್ಲರೂ ಆ ಮೇಜಿನ ಸುತ್ತ ಕೂತಿದ್ದೆವು; ಮರುದಿನ ನಮ್ಮ ಕಾಲೇಜ್ ಟೀಮಿಗೆ ಅಮೆರಿಕನ್ ಫುಟ್‌ಬಾಲ್ ಪಂದ್ಯವಿತ್ತು. ಎದುರಾಳಿಗಳು ಚೆಂಡು ಹಿಡಿದು ಓಡುವವರಲ್ಲ, ದೂರ ದೂರಕ್ಕೆ ಎಸೆಯುವವರು. ಅಪ್ಪ ಮತ್ತು ಪಕ್ಕದ ಮನೆಯ ಅಂಕಲ್ ಬಿಸಿ ಕಡಲೆಕಾಯಿಗಳನ್ನೇ ಎರಡೂ ಟೀಮಿನ ಆಟಗಾರರನ್ನಾಗಿ ಜೋಡಿಸುತ್ತಿದ್ದರು. ನಮ್ಮ ಹನ್ನೊಂದು ಜನರನ್ನೂ ಮೇಜಿನ ಅಂಚಿಗೆ ತಳ್ಳಿ ಅಪ್ಪ ಹೇಳಿದರು: "ಎಲ್ಲಾರೂ ಬೌಂಡರಿಲೇ ಇರ್ಲಿ. ಎಷ್ಟು ದೂರ ಎಸೆದ್ರೂ ಕ್ಯಾಚ್ ನಮ್ದೇ."

"ಡ್ಯಾಡ್, ದಿಸ್ ಇಸ್ ನಾಟ್ ಕ್ರಿಕೆಟ್!" ಎಂದು ನಾನು ಕಿರುಚಿದೆ.

ಮೈಸೂರಿನಿಂದ ಬಂದಿದ್ದ ಅಜ್ಜಿ ಅದುವರೆಗೆ ಕಾಯಿ ಸುಲಿಯುತ್ತಿದ್ದರು. "ಇದ್ರಲ್ಲಿ ಎಸೆಯೋನು ಯಾವನು?" ಎಂದು ಕೇಳಿದರು.

ಅಂಕಲ್ ಎದುರಾಳಿಗಳ ಸಾಲಿನ ನಡುವಿನ ದಪ್ಪ ಕಾಯಿಯನ್ನು ತೋರಿಸಿದರು.

ಅಜ್ಜಿ ಅದನ್ನೆತ್ತಿ, ಸುಲಿದು, ಕಾಳನ್ನು ನನ್ನ ಬಾಯಿಗೆ ಹಾಕಿದರು.

"ಈಗ ಎಸೀಲಿ, ನೋಡೋಣ."